ಹುಂಜವೋ ಹ್ಯಾಟಿಯೋ: ಮರಿಯ ಬಣ್ಣ ಯಾವಾಗ ನಿಜ ಹೇಳುತ್ತೆ?

ಕುಷ್ಟಗಿ, ಯಲಬುರ್ಗಾ ಕಡೆ ಸಂತೆಯಲ್ಲಿ ಕೋಳಿಮರಿ ಕೊಳ್ಳೋಕೆ ಹೋದರೆ ಮಾರುವವರು ಹೇಳ್ತಾರೆ: "ಕಂದು ಬಣ್ಣದ್ದು ಹ್ಯಾಟಿ ಐತ್ರಿ ಅಕ್ಕಾ, ತಗೋರಿ." ನಂಬಿ ಹತ್ತು ಮರಿ ತಂದರೆ, ಕೆಲವು ತಿಂಗಳಲ್ಲಿ ಅರ್ಧ ಮರಿಗಳು ಕೂಗೋಕೆ ಶುರು ಮಾಡ್ತವೆ. ಜವಾರಿ ತತ್ತಿ ಮಾರಿ ಮನೆಖರ್ಚು ತೂಗಿಸುವ ಅವ್ವನಿಗೆ ಅಷ್ಟು ದಿನ ಹಾಕಿದ ನುಚ್ಚು, ಜೋಳದ ಲೆಕ್ಕವೇ ತಪ್ಪುತ್ತೆ.

ಹಾಗಾದ್ರೆ ಬಣ್ಣ ನೋಡಿ ಹೇಳೋದು ಬರೀ ಸುಳ್ಳಾ? ಅಲ್ಲ. ಆದರೆ ಒಂದು ಷರತ್ತಿದೆ: ಮರಿಯ ತಂದೆ ತಾಯಿ ಯಾವ ಬಣ್ಣ ಅಂತ ಗೊತ್ತಿರಬೇಕು.

ಮನುಷ್ಯರಲ್ಲಿ ಗಂಡಿಗೆ ಎಕ್ಸ್‌ವೈ, ಹೆಣ್ಣಿಗೆ ಎಕ್ಸ್‌ಎಕ್ಸ್. ಕೋಳಿಯಲ್ಲಿ ಉಲ್ಟಾ: ಹುಂಜಕ್ಕೆ ಎರಡು ಝಡ್, ಹ್ಯಾಟಿಗೆ ಒಂದು ಝಡ್, ಒಂದು ಡಬ್ಲ್ಯೂ. ಅಂದರೆ ತಾಯಿಯ ಝಡ್ ಗಂಡುಮರಿಗೆ ಮಾತ್ರ ಹೋಗುತ್ತೆ. ಹೆಣ್ಣುಮರಿಗೆ ಝಡ್ ಸಿಗೋದು ತಂದೆಯಿಂದ. ಗರಿಯ ಮೇಲೆ ಕಪ್ಪು-ಬಿಳಿ ಪಟ್ಟೆ ತರುವ ಒಂದು ಜೀನ್ ಈ ಝಡ್ ಮೇಲೇ ಇದೆ, ಅದು ಪ್ರಬಲ ಜೀನ್.

ಈಗ ಪಟ್ಟೆ ಹ್ಯಾಟಿಗೆ, ಪಟ್ಟೆ ಇಲ್ಲದ ಕಪ್ಪು ಹುಂಜ ಜೋಡಿ ಮಾಡಿ. ಮೊಟ್ಟೆಯೊಡೆದ ದಿನವೇ ಗಂಡುಮರಿಯ ಕಪ್ಪು ತಲೆ ಮೇಲೆ ಬಿಳಿ ಚುಕ್ಕೆ ಕಾಣುತ್ತೆ, ಹೆಣ್ಣುಮರಿಗೆ ಇರಲ್ಲ. ಜೋಡಿ ತಿರುಗಿಸಿ, ಅಪ್ಪಟ ಪಟ್ಟೆ ಹುಂಜಕ್ಕೆ ಕಪ್ಪು ಹ್ಯಾಟಿ ಕೊಟ್ಟರೆ ಎಲ್ಲ ಮರಿಗೂ ಪಟ್ಟೆ ಜೀನ್ ಹೋಗುತ್ತೆ, ಗುರುತು ಸಿಗಲ್ಲ. ಇನ್‌ಪುಟ್ ಗೊತ್ತಿಲ್ಲದೆ ಔಟ್‌ಪುಟ್ ಓದೋಕಾಗಲ್ಲ, ಅಷ್ಟೇ.

ಪಿಯುಸಿಯಲ್ಲಿ ಓದಿದ ಪನ್ನೆಟ್ ಚೌಕ ನೆನಪಿದೆಯಾ? ಅದೇ ಪನ್ನೆಟ್, ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆಹಾರದ ಕೊರತೆ ಆದಾಗ, ಬಣ್ಣದಿಂದ ಗಂಡುಮರಿ ಬೇರೆ ಮಾಡಿ ಮೇವು ಉಳಿಸಿ ಅಂತ ಸೂಚಿಸಿದ್ದರು. ಅವ್ವನ ಲೆಕ್ಕವೂ ಅದೇ ಅಲ್ವಾ!

ಮನೆಯಲ್ಲಿ ಮಾಡಿ ನೋಡೋದಾದರೆ ಒಂದು ಎಚ್ಚರಿಕೆ. ಹ್ಯಾಟಿಯ ದೇಹದಲ್ಲಿ ಹಳೇ ಹುಂಜದ ವೀರ್ಯ ಎರಡು-ಮೂರು ವಾರ ಉಳಿಯುತ್ತೆ. ಅದಕ್ಕೇ ಬೇರೆ ಹುಂಜಗಳಿಂದ ಮೂರು ವಾರ ದೂರ ಇಟ್ಟ ಮೇಲೆ ಬಂದ ಮೊಟ್ಟೆಗಳನ್ನೇ ಕಾವಿಗೆ ಇಡಬೇಕು.

ಸಂತೆಯ ಜವಾರಿ ಮರಿಗೆ ತಂದೆ ತಾಯಿ ಯಾರೋ ಗೊತ್ತಿರಲ್ಲ. ಅಲ್ಲಿ ದಿನದ ಮರಿ ಬಿಟ್ಟು, ಎರಡು ತಿಂಗಳ ಮರಿ ಕೊಳ್ಳೋದು ಜಾಣತನ. ಅಷ್ಟೊತ್ತಿಗೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರಿರುತ್ತೆ. ಕಾಡುಕೋಳಿಯಂಥ ಕೆಂಪು-ಕಂದು ಮರಿಗಳಲ್ಲಿ ಹುಂಜದ ಎದೆಗೆ ಕಪ್ಪು ಗರಿ ಬರ್ತವೆ, ಹ್ಯಾಟಿಯ ಎದೆ ತಿಳಿ ಕಂದಾಗೇ ಉಳಿಯುತ್ತೆ. ಆಮೇಲೆ ಹುಂಜದ ಕುತ್ತಿಗೆ, ಸೊಂಟದ ಮೇಲೆ ಚೂಪಾದ ಹೊಳೆಯುವ ಗರಿ ಬಂದರೆ ಅನುಮಾನವೇ ಬೇಡ.

ಮುಂದಿನ ಸಲ ಅವ್ವನ ಜೊತೆ ಸಂತೆಗೆ ಹೋದಾಗ, ಬಣ್ಣಕ್ಕಿಂತ ಮೊದಲು "ಇದರ ತಂದೆ ತಾಯಿ ಯಾವ ಬಣ್ಣ ರೀ?" ಅಂತ ಕೇಳಿ. ಉತ್ತರ ಬರದಿದ್ದರೆ ಜುಟ್ಟು, ಎದೆ ನೋಡಿ ಆರಿಸಿ.