ಚಿನ್ನದ ಸೂತ್ರ, ನಮ್ಮ ಸಿ.ಐ.ಡಿ. 999

ಅಟ್ಟದ ಮೇಲಿರುವ ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಸವೆದುಹೋದ ಸೌಟು ಎಲ್ಲವೂ ರಾತ್ರೋರಾತ್ರಿ ಅಪರಂಜಿಯಾಗಿಬಿಟ್ಟರೆ ನೀವು ಮೊದಲು ಏನು ಮಾಡುತ್ತೀರಿ? ಅಡವಿಟ್ಟ ಸರ ಬಿಡಿಸಿಕೊಳ್ಳುತ್ತೀರೋ, ಮಗಳ ಮದುವೆಗೆಂದು ಎತ್ತಿಡುತ್ತೀರೋ? ನಗಬೇಡಿ. ಇದೇ ಆಸೆಯನ್ನು ಕಥೆಯ ಬೀಜ ಮಾಡಿಕೊಂಡು 1968ರಲ್ಲಿ ಒಂದು ಕನ್ನಡ ಚಿತ್ರ ಬಂತು. ಅದೇ ‘ಜೇಡರ ಬಲೆ’.

ದೊರೈ–ಭಗವಾನ್ ಜೋಡಿ ಒಟ್ಟಾಗಿ ನಿರ್ದೇಶಿಸಿದ ಮೊದಲ ಚಿತ್ರ ಇದು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಕೀಳು ಲೋಹವನ್ನು ಚಿನ್ನ ಮಾಡುವ ಸೂತ್ರವನ್ನು ವಿಜ್ಞಾನಿಯೊಬ್ಬ ಕಂಡುಹಿಡಿಯುತ್ತಾನೆ. ಅದರ ಹಿಂದೆ ಖದೀಮರು ಬೀಳುತ್ತಾರೆ. ಅವರ ಹಿಂದೆ ಸಿ.ಐ.ಡಿ. 999 ಪ್ರಕಾಶ್, ಅಂದರೆ ನಮ್ಮ ರಾಜ್‌ಕುಮಾರ್. ನಾಯಕಿ ಜಯಂತಿ. ಇಂಗ್ಲಿಷಿನ ಜೇಮ್ಸ್ ಬಾಂಡ್ ಚಿತ್ರಗಳು 1962ರಿಂದ ಬರತೊಡಗಿದ್ದವಲ್ಲ, ಅದೇ ಧಾಟಿಯಲ್ಲಿ ಕನ್ನಡದಲ್ಲಿ ತೆಗೆದ ಮೊದಲ ಚಿತ್ರ ಇದೇ. ಬಾಂಡನಿಗೂ 1964ರಲ್ಲಿ ಚಿನ್ನದ ಕಥೆಯೊಂದು ಸಿಕ್ಕಿತ್ತು. ಆದರೆ ಅಲ್ಲಿನ ಚಿನ್ನ ಅಮೆರಿಕ ಸರಕಾರದ ಖಜಾನೆಯದು. ನಮಗೂ ಅದಕ್ಕೂ ಏನು ಸಂಬಂಧ ಹೇಳಿ!

ಇಲ್ಲಿ ಹಾಗಲ್ಲ. ರಾಮನಗರ, ಮಾಗಡಿ ಕಡೆಯ ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪು ಕುಯ್ದು, ಹುಳ ಸಾಕಿ, ನಿದ್ದೆಗೆಟ್ಟು ಬೆಳೆದ ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಒಂದು ಜೊತೆ ಓಲೆಯಾದರೂ ಆಗಲಿ ಎನ್ನುವವರು ನಾವು. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಾಕುವವರ ಮನೆಯಲ್ಲೂ ಇದೇ ಲೆಕ್ಕ. ಕನಕಪುರಕ್ಕಂತೂ ಹೆಸರಿನಲ್ಲೇ ಕನಕ! ಮಳೆ ಕೈಕೊಟ್ಟಾಗ, ಮಕ್ಕಳ ಫೀಸಿಗೆ, ಆಸ್ಪತ್ರೆಗೆ ಮೊದಲು ಕೈ ಹೋಗುವುದು ಕತ್ತಿಗೆ ತಾನೇ?

ಚಿತ್ರ ಬಂದ ಕಾಲವನ್ನೂ ನೆನೆಯಿರಿ. ಚೀನಾ ಯುದ್ಧದ ಹಿಂದೆಯೇ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನದ ಮೇಲೆ ನಿಯಂತ್ರಣ ತಂದರು. ಹೊಸ ಒಡವೆಯನ್ನು 14 ಕ್ಯಾರೆಟ್‌ಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡಬಾರದು ಎಂದಾಯಿತು. ಅಕ್ಕಸಾಲಿಗರ ಮನೆಗಳಲ್ಲಿ ಕುಲುಮೆ ಆರಿದವು. ಕ್ಯಾರೆಟ್ಟಿನ ಕಟ್ಟು ಆಮೇಲೆ ಸಡಿಲವಾಯಿತಾದರೂ ‘ಜೇಡರ ಬಲೆ’ಯ ವರ್ಷವೇ, 1968ರಲ್ಲಿ, ಚಿನ್ನ ನಿಯಂತ್ರಣ ಕಾಯಿದೆ ಬಂತು. ಗಟ್ಟಿ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಒಡವೆ ಮಿತಿ ಮೀರಿದರೆ ಸರಕಾರಕ್ಕೆ ತಿಳಿಸಬೇಕು. ಅದು ರದ್ದಾದದ್ದು 1990ರಲ್ಲಿ. ಹೊರಗೆ ಚಿನ್ನಕ್ಕೆ ಇಷ್ಟು ಬಿಗಿ ಇರುವಾಗ, ತೆರೆಯ ಮೇಲೆ ಒಬ್ಬ ವಿಜ್ಞಾನಿ ತನಗೆ ಬೇಕಾದಷ್ಟು ಚಿನ್ನ ಮಾಡಬಲ್ಲ ಎಂದರೆ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತವಳ ಕಣ್ಣು ಅರಳದೆ ಇರುತ್ತದೆಯೇ?

ಇನ್ನೊಂದು ತಮಾಷೆ ನೋಡಿ. ಚಿತ್ರ ಕಪ್ಪುಬಿಳುಪಿನದು. ಚಿನ್ನದ ಕಥೆ, ಆದರೆ ಹಳದಿ ಬಣ್ಣವೇ ಇಲ್ಲ! ಬೆಳ್ಳಗೆ ಮಿನುಗಿದ್ದನ್ನು ಚಿನ್ನ ಅಂದುಕೊಳ್ಳುವ ಕೆಲಸ ನಮ್ಮದು. ನನಗೇನೋ ಇದರಲ್ಲೇ ಹೆಚ್ಚು ಸೊಗಸು ಕಾಣುತ್ತದೆ. ಈಗಿನ ಚಿತ್ರಗಳು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮಾಡಿ ಬಾಯಿಗೇ ಇಟ್ಟುಬಿಡುತ್ತವೆ, ಅಗಿಯಲು ಏನೂ ಉಳಿಯುವುದಿಲ್ಲ.

ರಾಜ್‌ಕುಮಾರರ ಮಾತು ಬೇರೆಯೇ. 1954ರಲ್ಲಿ ಬೇಡರ ಕಣ್ಣಪ್ಪನಾಗಿ, 1960ರಲ್ಲಿ ಕನಕದಾಸರಾಗಿ ಕಂಡವರು ಇಲ್ಲಿ ಸೂಟು ಬೂಟು ತೊಟ್ಟು ಪಿಸ್ತೂಲು ಹಿಡಿದರು. ಬೇರೆ ಯಾರಾದರೂ ಆಗಿದ್ದರೆ ‘ಪತ್ತೇದಾರಿ ಸಿನಿಮಾ ಹೆಂಗಸರಿಗ್ಯಾಕೆ’ ಅಂತ ಮನೆಯ ಹಿರಿಯರು ಗೊಣಗುತ್ತಿದ್ದರೇನೋ. ಕಣ್ಣಪ್ಪನಾಗಿ ದೇವರಿಗೆ ಕಣ್ಣು ಕೊಟ್ಟವನು ಸಿ.ಐ.ಡಿ. ಆದರೆ ಬೇಡ ಅನ್ನುವವರು ಯಾರು? ಸಾಹಸವೆಲ್ಲ ಪರದೇಶದ್ದಾದರೂ ಅದನ್ನು ಮಾಡುವವನು ನಮ್ಮ ಮನೆಯ ಹುಡುಗ. ಈ ಚಿತ್ರ ಇಂದಿಗೂ ರುಚಿ ಕೆಡದಿರಲು ದೊಡ್ಡ ಕಾರಣ ಅದು.

ಅದಿರಲಿ, ಲೋಹ ಚಿನ್ನವಾಗುತ್ತದೆಯೇ? ಆಗುತ್ತದೆ ಎಂದರೆ ನಂಬುತ್ತೀರಾ? ಪ್ರತಿ ಮೂಲವಸ್ತುವಿನ ಪರಮಾಣುವಿನ ಒಳಗೂ ಪ್ರೋಟಾನು ಎಂಬ ಕಣಗಳು ಇಂತಿಷ್ಟೇ ಎಂದಿದೆ. ಚಿನ್ನದಲ್ಲಿ 79, ಸೀಸದಲ್ಲಿ 82, ಬಿಸ್ಮತ್ ಎಂಬ ಲೋಹದಲ್ಲಿ 83. ಸೀಸದಿಂದ ಮೂರನ್ನು ಉದುರಿಸಿದರೆ ಚಿನ್ನ. ಲೆಕ್ಕ ಸುಲಭ, ಕೆಲಸ ಕಷ್ಟ. ಒಲೆಯ ಬೆಂಕಿಗೂ ಹುಳಿಗೂ ಅಲುಗದ ಕಣಗಳು ಅವು. 1980ರಲ್ಲಿ ಅಮೆರಿಕದ ಗ್ಲೆನ್ ಸೀಬಾರ್ಗ್ ಮತ್ತು ಸಂಗಡಿಗರು ದೊಡ್ಡ ಯಂತ್ರದಲ್ಲಿ ಬಿಸ್ಮತ್ತಿನಿಂದ ಎಣಿಕೆಯ ಕೆಲವು ಸಾವಿರ ಚಿನ್ನದ ಪರಮಾಣು ಮಾಡಿದರು. ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆ 2025ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. 2015ರಿಂದ 2018ರವರೆಗಿನ ಪ್ರಯೋಗಗಳಲ್ಲಿ ಸೀಸದಿಂದ ಹುಟ್ಟಿದ ಚಿನ್ನ 29 ಪೈಕೊಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ 29 ಪಾಲು ಎತ್ತಿಕೊಳ್ಳಿ, ಅಷ್ಟು! ಅದೂ ಕ್ಷಣದಲ್ಲೇ ಒಡೆದು ಮಾಯವಾಯಿತು. ಮೂಗುಬೊಟ್ಟಿನ ಮಾತು ಹಾಗಿರಲಿ, ಕಣ್ಣಿಗೆ ಬೀಳುವ ಧೂಳಿನಷ್ಟೂ ಇಲ್ಲ.

ಆದ್ದರಿಂದ ‘ಸರ ಪಾಲಿಷ್ ಮಾಡಿಕೊಡ್ತೀವಿ ಅಕ್ಕಾ’ ಅಂತ ಮಧ್ಯಾಹ್ನದ ಹೊತ್ತು ಬಾಗಿಲಿಗೆ ಬರುವವರನ್ನು ಒಳಗೆ ಬಿಟ್ಟುಕೊಳ್ಳಬೇಡಿ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಕೂಡಿಸಿದ ದ್ರಾವಣದಲ್ಲಿ ಚಿನ್ನ ಕರಗುತ್ತದೆ. ಸರ ಹೊಳೆಯುತ್ತಾ ಕೈಗೆ ಬರುತ್ತದೆ, ತೂಕದಲ್ಲಿ ಮಾತ್ರ ಖೋತಾ. ಸಿನಿಮಾದ ಸೂತ್ರ ತಿರುವುಮುರುವಾದ ಹಾಗೆ!

999ರ ಕಥೆ ಒಂದಕ್ಕೇ ನಿಲ್ಲಲಿಲ್ಲ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಕೊನೆಯದರಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದ ಇಂಗ್ಲಿಷ್ ಹಾಡು ಈಗಿನ ಹುಡುಗರ ಮೊಬೈಲುಗಳಲ್ಲೂ ಓಡಾಡಿದೆ. ಆದರೆ ನನ್ನನ್ನು ಕೇಳಿದರೆ ಮೊದಲು ಕಪ್ಪುಬಿಳುಪಿನ ‘ಜೇಡರ ಬಲೆ’ಯನ್ನೇ ನೋಡಿ. ನಡುವೆ ಸ್ವಲ್ಪ ಎಳೆದಂತೆ ಅನ್ನಿಸಬಹುದು. ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.