ನಿಮಗಿದು ಗೊತ್ತೆ? ವಕ್ಕಲೇರಿಯ ತಾಮ್ರದ ಮಾತು

ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ಸಿಕ್ಕ ತಾಮ್ರಶಾಸನ ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನದು, ಕಾಲ ಕ್ರಿ.ಶ. 757, ಭಾಷೆ ಸಂಸ್ಕೃತ.

● ಹಳ್ಳಿಯೊಂದರ ದಾನವನ್ನು ದಾಖಲಿಸುವ ಈ ಶಾಸನ, ರಾಜನ ತಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಊರನ್ನು ನಾಶಮಾಡದೆ, ರಾಜಸಿಂಹೇಶ್ವರ ದೇಗುಲದ ಸಂಪತ್ತನ್ನು ಮರಳಿಸಿದ್ದನ್ನೂ ಹೇಳುತ್ತದೆ.

● ಇದೇ ಸಂಗತಿಯನ್ನು ತಿಳಿಸುವ ಕನ್ನಡ ಶಾಸನವೊಂದು ಕಂಚಿಯ ಆ ದೇಗುಲದಲ್ಲೇ ಇದೆ. ಅದು ಇಂದಿನ ಕೈಲಾಸನಾಥ ದೇವಾಲಯ.

● ಶಾಸನವೂ ಒಂದು ಸಂವಹನವೇ. ಹೇಳುವವರು, ಸಂದೇಶ, ಮಾಧ್ಯಮ, ಅರಿಯುವವರು: ಸಂವಹನಕ್ಕೆ ಇಷ್ಟೂ ಬೇಕು. ಎದುರುಬದುರು ಆಡಿದ ಮಾತು ಅರ್ಥವಾಗದಿದ್ದರೆ ಮರಳಿ ಕೇಳಬಹುದು, ಶಾಸನವನ್ನು ಕೇಳಲಾಗದು. ಆದ್ದರಿಂದಲೇ ಅದರಲ್ಲಿ ರಾಜ, ವರ್ಷ, ಊರು, ದಾನ ಪಡೆದವರು ಎಲ್ಲವೂ ಸ್ಪಷ್ಟ.

ನಿಮ್ಮೂರಿನ ಶಾಸನಗಳಿಗೆ ಬಣ್ಣ ಬಳಿಯದೆ ಕಾಪಾಡಿ. ಓದುವವರಿದ್ದರಷ್ಟೇ ಆ ಮಾತು ಮುಂದುವರಿಯುತ್ತದೆ.