ಕಾಯಿಲೆ ತಡೆಯುವ ನೀರಿನ ಹಾದಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಆರೋಗ್ಯದ ಚರಿತ್ರೆ ಬರೆಯಲು ಕೂತವರು ಆಸ್ಪತ್ರೆಯ ದಾಖಲೆ ಬಿಚ್ಚುವ ಮೊದಲು ಬಾವಿ, ಕೆರೆ, ಬೋರುಗಳ ಲೆಕ್ಕ ಹಿಡಿಯಬೇಕು.

ಮೆಟ್ಟಿಲಿಳಿದು ಕೊಡ ತುಂಬುವ ಬಾವಿಗಳು ಉತ್ತರ ಕರ್ನಾಟಕದ ಹಲವೆಡೆ ನಾರುಹುಣ್ಣು ಹರಡುತ್ತಿದ್ದವು. ಹುಣ್ಣಾದ ಕಾಲು ನೀರಿಗೆ ತಾಗಿದರೆ ಹುಳು ಮರಿ ಬಿಡುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ಅದೇ ನೋವು. ಇದಕ್ಕೆ ಲಸಿಕೆಯಿಲ್ಲ, ಹುಳು ಕೊಲ್ಲುವ ಮದ್ದೂ ಇಲ್ಲ. 1983–84ರಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಬಾವಿಗೆ ಯಾರೂ ಇಳಿಯದಂತೆ ಮಾಡಿತು, ಬಟ್ಟೆಯಲ್ಲಿ ನೀರು ಸೋಸಲು ಕಲಿಸಿತು, ಜನ ಬೋರಿಂಗ್ ಎನ್ನುವ ಕೈಪಂಪುಗಳನ್ನು ಹಾಕಿಸಿತು. 1996ರ ನಂತರ ದೇಶದಲ್ಲಿ ಹೊಸ ಪ್ರಕರಣ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಪ್ರಮಾಣೀಕರಿಸಿತು.

ಆದರೆ ನೆಲದಾಳದ ನೀರಿಗೆ ಅದರದೇ ಕಾಟವಿತ್ತು. ನರಗುಂದದ ಎರೆನೆಲದಲ್ಲಿ ಸವುಳು. ರೋಣ ಸೇರಿ ಗದಗ ಜಿಲ್ಲೆಯ ಹಲವು ಕಡೆ ಬಂಡೆಯಿಂದ ಕರಗಿ ಬಂದ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಒಮ್ಮೆ ಬಿಗಿದ ಎಲುಬು ಮತ್ತೆ ಸಡಿಲವಾಗದು. ವೈದ್ಯರು ನೋವು ತಗ್ಗಿಸಬಲ್ಲರು, ಅಷ್ಟೇ. ನೀರು ಕಾಯಿಸಿದರೂ ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ.

ಉತ್ತರ ಇದ್ದದ್ದು ಮಲಪ್ರಭೆಯಲ್ಲಿ. ನವಿಲುತೀರ್ಥದ ಅಣೆಕಟ್ಟೆ 1970ರ ದಶಕದಲ್ಲಿ ಎದ್ದದ್ದು ಹೊಲಕ್ಕಾಗಿ. ಆ ನೀರಿನ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ರೈತ ಬಂಡಾಯವೇ ನಡೆಯಿತು. ಅದೇ ನದಿಯ ನೀರು ಶುದ್ಧವಾಗಿ ಹಳ್ಳಿಗಳ ನಳಕ್ಕೆ ಬಂದದ್ದು ಬಹಳ ತಡವಾಗಿ, ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ ಮೂಲಕ. ನಡುವಿನ ಅವಧಿಯನ್ನು ಊರೂರಿನ ಶುದ್ಧ ನೀರಿನ ಘಟಕಗಳು ತುಂಬಿದವು. 2019ರ ಜಲ ಜೀವನ್ ಮಿಷನ್ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಗುರಿ ಇಟ್ಟಿತು.

ಹೀಗೆ ಒಂದು ಕಾಯಿಲೆ ತಡೆದ ನೀರೇ ಇನ್ನೊಂದಕ್ಕೆ ದಾರಿ ಮಾಡಿತ್ತು. ಮೂಲ ಬದಲಾದಾಗಲೆಲ್ಲ ಪರೀಕ್ಷೆ ಆಗಲೇಬೇಕು ಎಂಬುದೇ ಇದರ ಪಾಠ. ನಳ ಒಣಗಿದ ದಿನ ಜನ ಮತ್ತೆ ಬೋರಿನ ಕಡೆಗೇ ನಡೆಯುತ್ತಾರೆ. ಪೈಪು ಒಡೆದರೆ ಚರಂಡಿ ನೀರು ಸೇರಿ ವಾಂತಿಭೇದಿ ಶುರುವಾಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಹಾಸಿಗೆ ಹೆಚ್ಚಿಸಿ ಎಂದು ಕೇಳುವುದು ನ್ಯಾಯವೇ. ಆದರೆ ಆ ಹಾಸಿಗೆಯ ಅಗತ್ಯವೇ ಕಡಿಮೆಯಾಗಬೇಕಾದರೆ ಊರಿನ ನೀರು ಸರಿಯಿರಬೇಕು. ಕಿಟ್ ಹಿಡಿದು ನೀರು ಪರೀಕ್ಷಿಸಲು ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ತರಬೇತಿ ನೀಡಬೇಕೆಂದು ಮಿಷನ್ ಹೇಳುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಜೊತೆಗೆ ನಿಮ್ಮೂರ ನೀರಿನ ಪರೀಕ್ಷಾ ವರದಿಯನ್ನೂ ಕೇಳಿ.